ಪಾಲಿಗೆ ಬಂದ ಬೆಂಗಳೂರು

ಗೊಳಸಂಗಿಯ ಸುತ್ತಮುತ್ತ ನನ್ನ ಮಾವನವರು ಹೊಲಮನೆ ಪಾಲು ಮಾಡಿಕೊಡುವುದರಲ್ಲಿ ಹೆಸರುವಾಸಿ. ಅಣ್ಣತಮ್ಮಂದಿರು ಬೇರೆಯಾಗುವಾಗ ವಕೀಲರ ಬಾಗಿಲಿಗೆ ಹೋಗುವ ಮೊದಲು ನಮ್ಮ ಪಡಸಾಲೆಗೆ ಬರುತ್ತಿದ್ದರು. ಕರಿ ಮಣ್ಣಿನ ಎರೆ ಹೊಲ ಯಾರಿಗೆ, ಕೆಂಪು ಮಣ್ಣಿನ ಮಸಾರಿ ಯಾರಿಗೆ, ಬಾವಿಯ ನೀರಿನ ಪಾಳಿ ಹೇಗೆ, ಬದುವಿನ ಮೇಲಿನ ಬೇವಿನ ಮರ ಯಾವ ಕಡೆಗೆ ಸೇರಬೇಕು, ಎಲ್ಲವನ್ನೂ ಅವರು ಅಡಕೆ ಕತ್ತರಿಸುತ್ತಲೇ ಮುಗಿಸುತ್ತಿದ್ದರು. ಅದಕ್ಕೆ ಅವರದೇ ಕಟ್ಟಳೆಗಳಿದ್ದವು. ಎಲ್ಲರಿಗಿಂತ ಕಿರಿಯವರು ಮೊದಲು ಆರಿಸಿಕೊಳ್ಳಬೇಕು. ಪಾಲು ಮಾಡುವವನಿಗೂ ಅದರಲ್ಲಿ ಹಕ್ಕಿದ್ದರೆ ಅವನು ಎಲ್ಲರಾದ ಮೇಲೆ ತೆಗೆದುಕೊಳ್ಳಬೇಕು. ಯಾರಾದರೂ ತನಗೇನೂ ಬೇಡ ಎಂದರೆ ಅದನ್ನು ಒಂದೇ ಮಾತಿಗೆ ಒಪ್ಪಬಾರದು, ಮೂರು ಸಲ ಕೇಳಬೇಕು. ಒಮ್ಮೆ ತಾಳಿಕೋಟೆಗೆ ಕೊಟ್ಟ ಹೆಣ್ಣುಮಗಳೊಬ್ಬಳು ತವರಿನ ಪಾಲು ಬೇಡವೆಂದು ಹೇಳಿ ಕಳಿಸಿದಾಗ, ಅವಳ ಅಣ್ಣಂದಿರನ್ನು ಅಲ್ಲಿಗೇ ಓಡಿಸಿ ಮತ್ತೆರಡು ಸಲ ಕೇಳಿಸಿಕೊಂಡು ಬರುವವರೆಗೆ ಇವರು ಕುಂತ ಜಾಗದಿಂದ ಎದ್ದಿರಲಿಲ್ಲವಂತೆ.

ಬೆಂಗಳೂರನ್ನೂ ಅವರು ಹೀಗೆಯೇ ಪಾಲು ಮಾಡಿದರು.

ತೊಂಬತ್ತರ ದಶಕದ ಕೊನೆಯ ಮಾತು. ಸಿಂದಗಿ ತಾಲ್ಲೂಕಿನ ಕನ್ನೊಳ್ಳಿಯಿಂದ ನಾನು ಆ ಮನೆಗೆ ಸೊಸೆಯಾಗಿ ಬಂದು ಇನ್ನೂ ವರ್ಷ ತುಂಬಿರಲಿಲ್ಲ. ನಮ್ಮವರು ಬಸವನ ಬಾಗೇವಾಡಿಯ ಒಂದು ಸಾಲಿಯಲ್ಲಿ ತಾತ್ಕಾಲಿಕ ಮಾಸ್ತರರಾಗಿದ್ದರು. ಕಾಯಂ ನೌಕರಿಯೊಂದಕ್ಕೆ ಸಂದರ್ಶನಕ್ಕೆ ಬರಬೇಕೆಂದು ಬೆಂಗಳೂರಿನಿಂದ ಕರೆ ಬಂತು. ಅವರು ಒಬ್ಬರೇ ಹೋಗಿಬರುವುದು ಎಂದು ನಾವೆಲ್ಲ ಅಂದುಕೊಂಡಿದ್ದಾಗ ಮಾವನವರು ಅಡಕೊತ್ತು ಕೆಳಗಿಟ್ಟು ಹೇಳಿದರು:

"ಹೆಂಗೂ ಹೊಂಟಾನ. ನಾವೂ ಹೋಗೂಣು. ಇಷ್ಟ ವರ್ಷ ವೋಟ್ ಹಾಕೀನಿ, ನಾವು ಆರಿಸಿ ಕಳಿಸಿದವರು ಎಲ್ಲಿ ಕುಂದರ್ತಾರ ಅಂತ ಒಮ್ಮಿಯರ ನೋಡಬೇಕೋ ಬ್ಯಾಡೋ?"

ಆ ಸುದ್ದಿ ಊರಿಗೆಲ್ಲ ಹರಡಲು ಒಂದು ಸಂಜೆ ಸಾಕಾಯಿತು. ಆಮೇಲೆ ಶುರುವಾಯಿತು ನೋಡಿ ಉಪದೇಶ. ಬೆಂಗಳೂರಿಗೆ ಒಮ್ಮೆ ಹೋಗಿ ಬಂದವರೆಲ್ಲ ಆ ಊರನ್ನು ತಾವೇ ಕಟ್ಟಿಸಿದಂತೆ ಮಾತಾಡುತ್ತ ಪಡಸಾಲೆಗೆ ಬಂದರು. ಲಾಲ್‌ಬಾಗ್ ನೋಡದಿದ್ದರೆ ಹೋದದ್ದೇ ದಂಡ ಎಂದು ಒಬ್ಬರು. ಲಾಲ್‌ಬಾಗಿನಲ್ಲೇನಿದೆ ಗಿಡ, ನಮ್ಮಲ್ಲಿಲ್ಲವೇ ಗಿಡ, ಬಸವನಗುಡಿಯ ಬಸವಣ್ಣನನ್ನು ನೋಡಿ ಎಂದು ಇನ್ನೊಬ್ಬರು. ಗಾಜಿನ ಪೆಟ್ಟಿಗೆಯಲ್ಲಿ ಮೀನು ಸಾಕಿದ್ದಾರೆ, ಅದನ್ನು ಬಿಡಬೇಡಿ ಎಂದು ಮತ್ತೊಬ್ಬರು. ನಮಗಿದ್ದದ್ದು ಒಂದು ಪೂರಾ ದಿನ, ಮಾರನೆಯ ದಿನ ಸಂದರ್ಶನ ಮುಗಿದ ಮೇಲೆ ಉಳಿಯುವ ಚೂರುಪಾರು ಹೊತ್ತು, ಅಷ್ಟೇ. ಅಷ್ಟರಲ್ಲಿ ಅವರು ಹೇಳಿದ್ದನ್ನೆಲ್ಲ ನೋಡಬೇಕಾದರೆ ಓಡುತ್ತಲೇ ನೋಡಬೇಕಿತ್ತು.

ಅತ್ತೆಯವರಿಗೆ ಮತ್ತು ನನಗೆ ಈ ಚರ್ಚೆಯಲ್ಲಿ ಪಾತ್ರವಿರಲಿಲ್ಲ. ನಾವು ಒಳಗೆ ಬುತ್ತಿಯ ತಯಾರಿಯಲ್ಲಿದ್ದೆವು. ಜೋಳದ ರೊಟ್ಟಿ ತೆಳ್ಳಗೆ ಬಡಿದು, ಬೇಯಿಸಿ, ಒಲೆಯ ಪಕ್ಕ ನಿಲ್ಲಿಸಿ ಹಪ್ಪಳದಂತೆ ಒಣಗಿಸಿದ ಖಡಕ್ ರೊಟ್ಟಿ. ಅದು ವಾರವಾದರೂ ಕೆಡುವುದಿಲ್ಲ. ಅದರ ಜೊತೆಗೆ ಶೇಂಗಾ ಹಿಂಡಿ ಎಂಬ ಚಟ್ನಿಪುಡಿ, ಕೆಂಪು ಖಾರ, ಉಳ್ಳಾಗಡ್ಡಿ. ನಾಲ್ಕು ಜನಕ್ಕೆ ಎರಡು ದಿನಕ್ಕೆಂದು ಮಾಡಿದ ಆ ಗಂಟನ್ನು ನೋಡಿದ್ದರೆ ಯಾರಾದರೂ ನಾವು ಊರು ಬಿಟ್ಟು ಹೊರಟಿದ್ದೇವೆ ಎಂದುಕೊಳ್ಳುತ್ತಿದ್ದರು. ಹೊರಗಡೆ ಕೂಳು ಕೊಂಡು ತಿನ್ನುವುದು ಮಾವನವರ ದೃಷ್ಟಿಯಲ್ಲಿ ಮನೆಯ ಹೆಂಗಸರಿಗೆ ಮಾಡುವ ಅವಮಾನ. ಅವರು ಇದನ್ನು ನಮ್ಮ ಮೇಲಿನ ಗೌರವದಿಂದಲೇ ಹೇಳುತ್ತಿದ್ದರು, ಅದರಲ್ಲಿ ಅನುಮಾನವಿಲ್ಲ. ಆ ಗೌರವಕ್ಕೆ ಹಿಟ್ಟು ನಾದುವವರು ನಾವಾಗಿದ್ದೆವು.

ಬಾಗೇವಾಡಿಯಿಂದ ಸಂಜೆ ಬಸ್ಸು ಹತ್ತಿ ಕುಳಿತು ನಿಡಗುಂದಿ ದಾಟುವಷ್ಟರಲ್ಲಿ ಪಾಲು ಮುಗಿದಿತ್ತು. ತಲೆಗೊಂದು ಜಾಗ ಎಂದರು ಮಾವನವರು. ಯಾರು ಏನು ಕೇಳುತ್ತಾರೋ ಅದಕ್ಕೆ ಉಳಿದವರು ಗೊಣಗದೆ ಜೊತೆಗೆ ಹೋಗಬೇಕು. ಕಿರಿಯವಳಾದ ನಾನು ಮೊದಲು. ನಾನು ಸೆರಗಿನೊಳಗಿಂದಲೇ ಲಾಲ್‌ಬಾಗ್ ಎಂದೆ; ಕನ್ನೊಳ್ಳಿಯಲ್ಲಿ ನಮ್ಮ ಮನೆಯ ಕ್ಯಾಲೆಂಡರಿನಲ್ಲಿ ಆ ಗಾಜಿನ ಮನೆಯ ಚಿತ್ರವಿತ್ತು. ನಮ್ಮವರು ಯಂತ್ರಗಳನ್ನಿಟ್ಟ ವಸ್ತುಸಂಗ್ರಹಾಲಯ ಎಂದರು. ಆಮೇಲೆ ಮಾವನವರು ಅತ್ತೆಯತ್ತ ತಿರುಗಿದರು.

"ನಿಂದ ಹೇಳ."

"ನಂದೇನೈತ್ರಿ. ನಿಮ್ಮ ಹಿಂದ ಬರ್ತೇನಿ."

"ಹಂಗಾರ ನಿನ್ನ ಪಾಲು ಬಿಟ್ಟಂಗಾತು. ಕಡೀಕ ನಂದು, ವಿಧಾನಸೌಧ."

ಅತ್ತೆಯವರು ತಲೆಯಾಡಿಸಿ ಕಿಟಕಿಯಾಚೆ ನೋಡತೊಡಗಿದರು. ಊರಿನವರ ಪಾಲನ್ನು ಮೂರು ಸಲ ಕೇಳುವ ಮನುಷ್ಯ ಹೆಂಡತಿಯನ್ನು ಒಂದೇ ಸಲ ಕೇಳಿದ್ದು ನನ್ನ ಕಿವಿಗೆ ಬಿತ್ತು. ಆಗ ಅದರ ಬಗ್ಗೆ ಹೆಚ್ಚು ಯೋಚಿಸಲಿಲ್ಲ.

ಬೆಳಗ್ಗೆ ಇಳಿದು, ಬಸ್ ನಿಲ್ದಾಣದ ಹತ್ತಿರದ ಒಂದು ಛತ್ರದಲ್ಲಿ ಕೋಣೆ ಹಿಡಿದು, ಮುಖ ತೊಳೆದು ಲಾಲ್‌ಬಾಗಿಗೆ ಹೋದೆವು. ಗಾಜಿನ ಮನೆ ಚಿತ್ರದಲ್ಲಿದ್ದಷ್ಟೇ ಚೆನ್ನಾಗಿತ್ತು, ಆದರೆ ಒಳಗೆ ಖಾಲಿ. ಅಷ್ಟು ದೊಡ್ಡ ಮನೆ ಕಟ್ಟಿಸಿ ಅದರಲ್ಲಿ ಯಾರೂ ಯಾಕಿರುವುದಿಲ್ಲ ಎಂಬುದು ಮಾವನವರಿಗೆ ತಿಳಿಯಲೇ ಇಲ್ಲ. ನನ್ನ ಜಾಗ ಎಂಬ ಅಭಿಮಾನದಿಂದ ನಾನು ಪ್ರತಿಯೊಂದು ಗಿಡದ ಮುಂದೆಯೂ ನಿಂತೆ. ಅವರು ಮಾತ್ರ ಮೊದಲ ಗಳಿಗೆಯಿಂದಲೇ ನೀರಿನ ನಲ್ಲಿ ಹುಡುಕುತ್ತಿದ್ದರು. ಬುತ್ತಿ ಬಿಚ್ಚಬೇಕಾದರೆ ನೆರಳು ಬೇಕು, ನಲ್ಲಿ ಬೇಕು, ಕಾವಲುಗಾರನ ಸೀಟಿ ಕೇಳಿಸಬಾರದು. ಬೆಂಗಳೂರಿನ ಯಾವ ಜಾಗ ಎಷ್ಟು ದೊಡ್ಡದು ಎಂಬುದನ್ನು ಅವರು ಅಳೆದದ್ದು ಹೀಗೆ. ಆ ಲೆಕ್ಕದಲ್ಲಿ ಲಾಲ್‌ಬಾಗ್ ಪಾಸಾಯಿತು. ಮಧ್ಯಾಹ್ನದ ವಸ್ತುಸಂಗ್ರಹಾಲಯ ಫೇಲಾಯಿತು. ಒಳಗೆ ರೊಟ್ಟಿ ಮುರಿಯಲು ಬಿಡದ ಕಟ್ಟಡದಲ್ಲಿ ಎಂಥ ಯಂತ್ರವಿದ್ದರೂ ಅದು ಅವರಿಗೆ ಹಿಡಿಸಲಿಲ್ಲ.

ಲಾಲ್‌ಬಾಗಿನ ಮರದ ಕೆಳಗೆ ಅತ್ತೆಯವರೇ ಎಲ್ಲರಿಗೂ ನೀಡಿದರು. ಗಂಡ, ಮಗ ಉಂಡು ಕೈ ತೊಳೆಯುವವರೆಗೆ ಅವರು ಮಂಡಿ ಮಡಚಿ ಕುಳಿತು, ಯಾರ ಕೈಯಲ್ಲಿ ಹಿಂಡಿ ಮುಗಿಯಿತು, ಯಾರಿಗೆ ನೀರು ಬೇಕು ಎಂದು ನೋಡುತ್ತಿದ್ದರು. ಆಮೇಲೆ ನಾವಿಬ್ಬರು. ಅವರು ಮರದ ಕಡೆಗೆ ಮುಖ ಮಾಡಿ, ಗಂಡಸರಿಗೆ ಬೆನ್ನು ಕೊಟ್ಟು, ತಲೆಯ ಮೇಲಿನ ಸೆರಗನ್ನು ಇನ್ನಷ್ಟು ಎಳೆದುಕೊಂಡು ಕುಳಿತರು. ನಮ್ಮ ಕಡೆ ಅದು ಹಾಗೆಯೇ. ಗಂಡಸರು ಉಂಡೆದ್ದ ಮೇಲೆ ಹೆಂಗಸರು ಒಳಗೆ, ಕತ್ತಲೆಯ ಅಡುಗೆಮನೆಯಲ್ಲಿ, ಒಲೆಯತ್ತ ತಿರುಗಿ ಉಣ್ಣುವುದು. ಅದಕ್ಕೆ ಯಾರೂ ಕಣ್ಣೀರು ಹಾಕುತ್ತಿರಲಿಲ್ಲ. ನನಗೂ ಆಗ ಅದು ಅನ್ಯಾಯ ಅನಿಸಿರಲಿಲ್ಲ. ಈಗ ಅನಿಸುತ್ತದೆ, ಅನಿಸಿದಾಗ ಮೈ ಉರಿಯುತ್ತದೆ.

ಅತ್ತೆಯವರು ಅವತ್ತು ಒಂದು ರೊಟ್ಟಿಯ ಮೂಲೆಯನ್ನು ನೀರಿನಲ್ಲಿ ಅದ್ದಿ ಎರಡು ತುತ್ತು ತಿಂದು, ಉಳಿದದ್ದನ್ನು ಗಂಟಿಗೆ ಸೇರಿಸಿದರು.

"ಅತ್ತೀ, ಇಷ್ಟ ಉಂಡ್ರ ಹೆಂಗ್ರಿ? ದಿನಪೂರ್ತಿ ಅಡ್ಡಾಡೂದೈತಿ."

"ಹಸಿವಿಲ್ಲ ತಂಗಿ. ಮೋಟಾರದಾಗ ಕುಂತು ಹೊಟ್ಟಿ ಕಟ್ಟೈತಿ."

ಮನೆಯಲ್ಲಿಯೂ ಅವರು ರೊಟ್ಟಿಯನ್ನು ಸಾರಿನಲ್ಲಿ ಮುರಿದು ಹಾಕಿ, ಅದು ಅಂಬಲಿಯಾಗುವವರೆಗೆ ಕಾದು ಉಣ್ಣುತ್ತಿದ್ದರು. ಅದು ಅವರ ರುಚಿ ಎಂದುಕೊಂಡಿದ್ದೆ.

ಸಂಜೆ ಗಂಡಸರು ನಾಳೆಯ ಸಂದರ್ಶನದ ಕಚೇರಿ ಎಲ್ಲಿದೆ ಎಂದು ನೋಡಿಬರಲು ಹೋದರು. ನಾವಿಬ್ಬರೂ ಕೋಣೆಯ ಕಿಟಕಿಯಲ್ಲಿ ಕುಳಿತೆವು. ಎದುರಿಗೇ ಒಂದು ಹೋಟೆಲು. ಬಾಗಿಲು ಅಗಲವಾಗಿ ತೆರೆದಿತ್ತು, ಒಳಗಿನ ಮೇಜುಗಳೆಲ್ಲ ಕಾಣುತ್ತಿದ್ದವು. ರಸ್ತೆಯ ಮೇಲೆ ನಾನು ಎಣಿಸಲಾಗದಷ್ಟು ಮೋಟಾರುಗಳು ಹರಿಯುತ್ತಿದ್ದವು, ದೀಪದ ಬೋರ್ಡುಗಳು ಹೊತ್ತಿಕೊಳ್ಳುತ್ತಿದ್ದವು. ನಾನು ಅವನ್ನೆಲ್ಲ ಬಾಯಿಬಿಟ್ಟು ನೋಡುತ್ತಿದ್ದೆ. ಅತ್ತೆಯವರು ಒಂದೇ ಕಡೆ ನೋಡುತ್ತಿದ್ದರು.

"ಅಲ್ಲಿ ಹಸರ ಸೀರಿಯಾಕಿನ್ನ ನೋಡು," ಎಂದರು. ಅವರಷ್ಟೇ ವಯಸ್ಸಿನ ಒಬ್ಬ ಹೆಂಗಸು ಗಂಡನ ಎದುರು ಕುಳಿತು ಏನೋ ತಿನ್ನುತ್ತಿದ್ದಳು.

"ಏನಾತ್ರಿ ಅಕಿಗೆ?"

"ಕುಂತಾಕಿ ಎದ್ದಿಲ್ಲ. ಆಗಿಂದ ನೋಡಾಕತ್ತೇನಿ. ಒಮ್ಮಿಯೂ ಎದ್ದಿಲ್ಲ. ಬೇಕಾದ್ದು ಅಲ್ಲೇ ಬರಾಕತ್ತೈತಿ."

ಆಮೇಲೆ ನನ್ನ ಕಡೆ ತಿರುಗದೆಯೇ ಹೇಳಿದರು: "ನನಗೂ ಒಮ್ಮಿ ಹಂಗ ಕುಂತು ಉಣ್ಣಬೇಕಂತ ಭಾಳ ಐತಿ ನೋಡವ್ವಾ. ವಿಧಾನಸೌಧ ತಗೊಂಡು ನಾ ಏನ್ ಮಾಡ್ಲಿ." ಹೇಳಿದ ಕೂಡಲೇ ಗಾಬರಿಯಾದರು. ನನ್ನ ಮೊಣಕೈ ಹಿಡಿದುಕೊಂಡು, "ಯಾರ ಮುಂದೂ ಅನಬ್ಯಾಡ ಮತ್ತ," ಎಂದರು.

ಬೆಂಗಳೂರಿನಂಥ ಊರಿಗೆ ಮೊದಲ ಸಲ ಬಂದು ಏನು ನೋಡಬೇಕು ಎಂದು ಈಗಲೂ ಯಾರಾದರೂ ನನ್ನನ್ನು ಕೇಳಿದರೆ, ಆ ಕಿಟಕಿ ನೆನಪಾಗಿ ನಾನು ತಡವರಿಸುತ್ತೇನೆ. ಊರು ಎಲ್ಲರಿಗೂ ಒಂದೇ ಆಗಿರುತ್ತದೆ, ಆದರೆ ಒಬ್ಬೊಬ್ಬರೂ ತಮ್ಮ ಮನೆಯಲ್ಲಿ ಇಲ್ಲದ್ದನ್ನು ಅಲ್ಲಿ ಹುಡುಕುತ್ತಾರೆ. ನಮ್ಮ ಮನೆಯಲ್ಲಿ ಗಿಡಗಳಿದ್ದವು, ಯಂತ್ರಗಳೂ ಒಂದೆರಡು ಇದ್ದವು, ರಾಜಕೀಯವಂತೂ ಪಡಸಾಲೆ ತುಂಬ ಇತ್ತು. ಹೆಂಗಸೊಬ್ಬಳು ಕುಳಿತಲ್ಲಿಯೇ ಕುಳಿತು ಉಣ್ಣುವುದು ಮಾತ್ರ ಇರಲಿಲ್ಲ.

ಮಾರನೆಯ ದಿನ ಬೆಳಗ್ಗೆ ಬೇಗ ಮುಗಿಯಬೇಕಿದ್ದ ಸಂದರ್ಶನ ಎಳೆದುಕೊಂಡು ಹೋಯಿತು. ನಮ್ಮವರು ವಾಪಸು ಬಂದಾಗ ಮಧ್ಯಾಹ್ನ ಕಳೆದು ಹೋಗಿತ್ತು. (ಆ ನೌಕರಿ ಸಿಗಲಿಲ್ಲ, ಅದು ಬೇರೆ ಮಾತು.) ಸಂಜೆಗೇ ನಮ್ಮ ಬಸ್ಸು. ಉಳಿದ ಹೊತ್ತಿನಲ್ಲಿ ಒಂದು ಜಾಗಕ್ಕೆ ಹೋಗಿಬರಬಹುದಿತ್ತು, ಎರಡಕ್ಕೆ ಸಾಧ್ಯವಿರಲಿಲ್ಲ. ಮಾವನವರು ಬೆಳಗಿನಿಂದಲೇ ಇಸ್ತ್ರಿಯ ಧೋತರ, ಕರಿ ಕೋಟು, ತಲೆಗೆ ಸುತ್ತಿದ ಹೊಸ ರುಮಾಲಿನಲ್ಲಿ ತಯಾರಾಗಿ ಕೂತಿದ್ದರು. ಊರಿಗೆ ಹೋದ ಮೇಲೆ ನೂರು ಜನ ಕೇಳುವವರಿದ್ದರು. ಅವರ ಉತ್ತರ ಆಗಲೇ ತಯಾರಿತ್ತು, ನೋಡುವುದೊಂದೇ ಬಾಕಿ.

"ನಡೀರಿ ನಡೀರಿ, ವಿಧಾನಸೌಧ ನೋಡಿ ಹಂಗ ಮೋಟಾರ ಹತ್ತೂಣು," ಎಂದು ಹೊರಟೇಬಿಟ್ಟರು.

ನಾನು ಬಾಗಿಲಲ್ಲಿ ನಿಂತಿದ್ದೆ. ಬಸ್ಸಿನಲ್ಲಿ ಲಾಲ್‌ಬಾಗ್ ಎಂದದ್ದು ಬಿಟ್ಟರೆ ಆವರೆಗೆ ಮಾವನವರ ಜೊತೆ ನಾನಾಡಿದ್ದ ಮಾತೆಂದರೆ, "ನೀಡೇನ್ರಿ" ಎಂಬುದು. ಸೆರಗನ್ನು ಗಟ್ಟಿಯಾಗಿ ಹಿಡಿದುಕೊಂಡು ನೆಲ ನೋಡುತ್ತ ಹೇಳಿಬಿಟ್ಟೆ:

"ಮಾವಾರ, ಅತ್ತೀದು ಪಾಲು ಉಳಿದೈತ್ರಿ."

ಮಾವನವರು ಬಾಗಿಲ ಹತ್ತಿರವೇ ನಿಂತರು. ಅತ್ತೆಯವರು ಕಣ್ಣಲ್ಲೇ ನನ್ನನ್ನು ಗದರಿದರು.

"ಅಕಿ ಬಿಟ್ಟಕೊಟ್ಟಾಳಲ್ಲ?" ಎಂದರು ಮಾವನವರು.

"ಒಂದ ಸಲ ಕೇಳೀರಿ. ಮೂರು ಸಲ ಕೇಳಬೇಕಂತ ಮಂದಿಗೆ ನೀವ ಹೇಳ್ತೀರ್ರಿ."

ನನ್ನ ಗಂಡ ಕೆಮ್ಮಿದರು. ಅವರು ಅಂಥ ಹೊತ್ತಿನಲ್ಲೆಲ್ಲ ಕೆಮ್ಮುತ್ತಾರೆ, ಈಗಲೂ. ಮಾವನವರು ನನ್ನನ್ನೇ ನೋಡಿದರು. ಬೈಯುತ್ತಾರೆ ಎಂದುಕೊಂಡೆ. ಬೈಯಲಿಲ್ಲ. ನಿಧಾನಕ್ಕೆ ಮಂಚದ ಮೇಲೆ ಕುಳಿತು, ಪಡಸಾಲೆಯಲ್ಲಿ ಕೇಳುವ ದನಿಯಲ್ಲೇ ಹೆಂಡತಿಯನ್ನು ಕೇಳಿದರು:

"ನಿನಗ ಏನರ ನೋಡೂದೈತೇನು?"

"ಅಯ್ಯ, ಈ ಹುಡುಗಿ ಮಾತ ಏನ್ ಕೇಳ್ತೀರಿ. ಏನಿಲ್ರಿ."

"ಎರಡು ಸಲ ಆತು. ಇನ್ನೊಮ್ಮಿ ಕೇಳ್ತೇನಿ. ಏನರ ಐತೇನು?"

ಅತ್ತೆಯವರು ಬುತ್ತಿಯ ಗಂಟಿನ ತುದಿಯನ್ನು ಬಿಚ್ಚಿದರು, ಮತ್ತೆ ಕಟ್ಟಿದರು. ಮೂರನೆಯ ಸಲ ಬೇಡ ಎಂದರೆ ಮುಗಿಯಿತು, ಅದು ಅವರಿಗೂ ಗೊತ್ತಿತ್ತು. ಕೊನೆಗೆ ಕಿಟಕಿಯ ಕಡೆ ಕೈ ಮಾಡಿದರು.

"ಆ ಹೋಟ್ಲದಾಗ ಕುಂತು ಉಣ್ಣಬೇಕ್ರಿ."

"ಹೋಟ್ಲ ನೋಡೂ ಜಾಗಾನ? ಬುತ್ತಿ ಇನ್ನೂ ಅರ್ಧಾ ಐತಲ್ಲ!"

ಅತ್ತೆಯವರು ಕಿಟಕಿಯ ಕಡೆ ಮಾಡಿದ ಕೈಯನ್ನು ಇಳಿಸಲಿಲ್ಲ. ಬೇಡ ಎಂದೂ ಹೇಳಲಿಲ್ಲ. ಅವರು ಹಾಗೆ ನಿಂತದ್ದನ್ನು ನಾನು ಅದೇ ಮೊದಲ ಸಲ ನೋಡಿದ್ದು. ಮಾವನವರು ರುಮಾಲು ತೆಗೆದು ತೊಡೆಯ ಮೇಲಿಟ್ಟುಕೊಂಡರು. ಅವರಿಗೆ ಆಸೆ ಎಷ್ಟಿತ್ತು ಎಂಬುದು ಮುಖದಲ್ಲೇ ಕಾಣುತ್ತಿತ್ತು. ನನಗೆ ಅವರ ಮೇಲೂ ಕನಿಕರ ಬಂತು. ಎಷ್ಟೋ ಜನರ ಬಾಯಿಗೆ ಬಂದ ಹೊಲವನ್ನು ಪಾಲು ಎಂಬ ಒಂದು ಮಾತಿಗಾಗಿ ಬಿಡಿಸಿದ್ದ ಮನುಷ್ಯ. ಈಗ ಅದೇ ಮಾತು ಅವರ ಕೊರಳಿಗೆ ಬಂದಿತ್ತು.

"ಪಾಲು ಅಂದ್ರ ಪಾಲು," ಎಂದು ರುಮಾಲು ಮತ್ತೆ ತಲೆಗಿಟ್ಟುಕೊಂಡು ಎದ್ದರು. "ನಡೀರಿ."

ಖುಷಿಯಿಂದೇನೂ ಹೇಳಲಿಲ್ಲ. ರಸ್ತೆ ದಾಟುವವರೆಗೆ ಅವರ ಮುಖ ಉಬ್ಬಿಕೊಂಡೇ ಇತ್ತು.

ಹೋಟೆಲಿನಲ್ಲಿ ನಾಲ್ಕು ಜನರ ಮೇಜು. ಅತ್ತೆಯವರು ಗೋಡೆ ಕಡೆಯ ಕುರ್ಚಿ ಹಿಡಿದು ಅತ್ತ ತಿರುಗಲು ನೋಡಿದರು, ಆಗಲಿಲ್ಲ, ಕುರ್ಚಿ ನೆಲಕ್ಕೆ ಬಿಗಿದಿತ್ತು. ಎದುರಿಗೆ ಸರಿಯಾಗಿ ಮಾವನವರು. ನಡುವಯಸ್ಸಿನ ಸಪ್ಲೈಯರ್ ಬಂದು ನೀರಿಟ್ಟು, ಅತ್ತೆಯವರನ್ನೇ ಮೊದಲು ಕೇಳಿದ.

"ಏನ್ ಕೊಡ್ಲಿ ಅಮ್ಮ?"

"ಇವರನ್ನ ಕೇಳ್ರಿ," ಎಂದು ಅತ್ತೆಯವರು ಗಂಡನನ್ನು ತೋರಿಸಿದರು.

"ಅವರದ್ದು ಆಮೇಲೆ ಕೇಳ್ತೀನಿ. ನಿಮ್ಮದು ಹೇಳಿ."

ಅತ್ತೆಯವರಿಗೆ ನಗು ಬಂತು. ಸೆರಗನ್ನು ಬಾಯಿಗೆ ಅಡ್ಡ ಹಿಡಿದರು. ಏನೇನಿದೆ ಎಂದು ಕೇಳಿದರು. ಅವನು ಒಂದೇ ಉಸಿರಿಗೆ ಇಡ್ಲಿ, ವಡೆ, ಪೂರಿ, ಖಾರಾಬಾತ್, ಕೇಸರಿಬಾತ್, ಮಸಾಲೆ ದೋಸೆ ಎಂದು ಹೇಳಿ ಮುಗಿಸಿದ. ಇನ್ನೊಮ್ಮೆ ಹೇಳ್ರಿ ಎಂದರು. ಅವನು ಬೇಸರಿಸದೆ ಹೇಳಿದ. ಕೊನೆಯದು ನೆನಪುಳಿಯಿತೆಂದೋ ಏನೋ, ಮಸಾಲೆ ದೋಸೆ ಎಂದರು. ನಾನೂ ನಮ್ಮವರೂ ಅದನ್ನೇ ಹೇಳಿದೆವು. ಮಾವನವರು ಮಾತ್ರ ಸಿಟ್ಟಿನಲ್ಲಿ, "ನನಗ ಒಂದ್ ಚಾ ಸಾಕು," ಎಂದರು.

ಹೀಗಾಗಿ ದೋಸೆ ಬಂದಾಗ ಅವರಿಗೆ ಮಾಡಲು ಬೇರೆ ಕೆಲಸವಿರಲಿಲ್ಲ. ಚಹ ಬಸಿಗೆ ಸುರಿದು ಕುಡಿದು ಮುಗಿಸಿ, ಎದುರಿಗೆ ನೋಡುತ್ತ ಕುಳಿತರು.

ಅತ್ತೆಯವರು ಮೊದಲು ಎಲ್ಲರ ತಟ್ಟೆಗೂ ಏನಾದರೂ ಬೇಕೇ ಎಂದು ನೋಡಿದರು, ಬೇಕಿರಲಿಲ್ಲ. ಏಳಲು ಹೋಗಿ ಕುಳಿತರು. ಆಮೇಲೆ ದೋಸೆಯ ಕೆಂಪಗೆ ಗರಿಗರಿಯಾದ ಅಂಚನ್ನು ಸುತ್ತಲೂ ಮುರಿದು ತಟ್ಟೆಯ ಬದಿಗಿಟ್ಟರು. ನಡುವಿನ ಮೆತ್ತನೆಯ ಭಾಗವನ್ನು ಪಲ್ಯದ ಜೊತೆ ಹಿಸುಕಿ ಸಣ್ಣ ತುತ್ತು ಮಾಡಿ ಬಾಯಿಗಿಟ್ಟುಕೊಂಡರು. ಬಾಯಿ ಎಡಗಡೆಗೆ ಮಾತ್ರ ಆಡುತ್ತಿತ್ತು. ಮೆಲ್ಲಗೆ, ಬಹಳ ಹೊತ್ತು. ಕಣ್ಣು ಅರೆ ಮುಚ್ಚಿದ್ದವು.

"ಚಲೋ ಭಾಗ ಬಿಟ್ಟಿಯಲ್ಲ," ಎಂದರು ಮಾವನವರು.

"ಅದು ಬಿರುಸ ಐತ್ರಿ."

ಅವರು ಇನ್ನಷ್ಟು ಹೊತ್ತು ನೋಡಿದರು. ಹೊಲದ ಬದು ಎಲ್ಲಿ ಸರಿದಿದೆ ಎಂದು ನೋಡುವ ಹಾಗೆ ಮುಂದಕ್ಕೆ ಬಾಗಿದ್ದರು.

"ನೀ ಯಾಕ ಒಂದ ಕಡೆ ಅಗಿತಿ?"

"ಈ ಕಡೆ ಹಲ್ಲ ಎಲ್ಲಿ ಅದಾವ್ರಿ."

"ಇಲ್ಲಾ? ಯಾವಾಗ ಹೋದುವು?"

ಅತ್ತೆಯವರು ಬಾಯಲ್ಲಿದ್ದ ತುತ್ತನ್ನು ನುಂಗಿ, ಪಕ್ಕದಲ್ಲಿ ಕುಳಿತಿದ್ದ ಮಗನ ಕಡೆ ಗದ್ದ ಎತ್ತಿ ತೋರಿಸಿದರು.

"ಇವನ್ನ ಹಡದ ವರ್ಷ."

ನನ್ನ ಗಂಡನ ಮೀಸೆಯಲ್ಲಿ ಆಗಲೇ ಒಂದೆರಡು ಬಿಳಿ ಕೂದಲಿದ್ದವು. ಅವರ ಕೈ ತಟ್ಟೆಯಲ್ಲೇ ನಿಂತಿತು. ಅಷ್ಟು ವರ್ಷದ ಖಡಕ್ ರೊಟ್ಟಿಗಳೆಲ್ಲ ನನ್ನ ಕಣ್ಣ ಮುಂದೆ ಬಂದವು. ನಮ್ಮ ಅಡುಗೆಮನೆಯ ಕತ್ತಲೆಯ ಮೇಲೆ ನನಗೆ ಅವತ್ತು ಬಂದ ಸಿಟ್ಟು ಇಂದಿಗೂ ಇಳಿದಿಲ್ಲ.

ಮಾವನವರು ಕೈ ಎತ್ತಿ ಸಪ್ಲೈಯರನನ್ನು ಕರೆದರು.

"ತಮ್ಮಾ, ನಿನ್ನ ಹತ್ರ ಮೆತ್ತಗಿದ್ದದ್ದು ಏನೇನೈತಿ? ಸಾವಕಾಶ ಹೇಳು."

ಅವನು ಹೇಳಿದ ಒಂದೊಂದನ್ನೂ ಅವರು ತಿರುಗಿ ಹೆಂಡತಿಗೆ ಹೇಳಿದರು. ಇಡ್ಲಿ ಅಂತ, ಬೇಕೇನು? ಕೇಸರಿಬಾತ್ ಅಂತ, ನಮ್ಮ ಸಜ್ಜಕದಂಗ ಇರತೈತೇನೋ, ಬೇಕೇನು? ಅತ್ತೆಯವರು ಸಂಕೋಚದಿಂದ ಬಾಗಿಲಾಚೆಯ ಬಿಸಿಲನ್ನು ನೋಡಿದರು.

"ಸಾಕ್ರಿ, ಹೊತ್ತಾತು. ಓಡಿದ್ರ ನಿಮ್ಮ ವಿಧಾನಸೌಧ ಹೊರಗಿಂದರ ಕಂಡೀತು."

"ಅದು ಎಲ್ಲಿಗೂ ಹೋಗೂದಿಲ್ಲ," ಎಂದರು ಮಾವನವರು, ರುಮಾಲು ತೆಗೆದು ಮೇಜಿನ ಮೇಲಿಟ್ಟು. "ನೀ ಉಣ್ಣು. ನಾ ನೋಡ್ತೇನಿ."